ಎರಡನೆಯ ಈಡು

ನಾನು ಒಂದು ಕೋವಿ. ಹಳೇ ಕೋವಿ ಎಂದು ಯಾರಾದರೂ ತಾತ್ಸಾರ ಮಾಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೆಲ್ಜಿಯಂ ದೇಶದ ಕಾರ್ಖಾನೆಯೊಂದರಲ್ಲಿ ಹುಟ್ಟಿದವನು ನಾನು. ಒಂದು ಈಡು ಹಾರಿತೆಂದರೆ ಖಾಲಿ ತೋಟೆಯನ್ನು ನಾನೇ ಹೊರಗೆ ಎಸೆದು, ಮುಂದಿನದನ್ನು ನಾನೇ ತುಂಬಿಕೊಳ್ಳುತ್ತೇನೆ. ನನ್ನ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಡಗಿನಲ್ಲಿ ಬಂದು ಕೊಡಗಿನ ಒಬ್ಬ ಬಿಳಿಯ ದೊರೆಯ ಕೈ ಸೇರಿದೆ. ದೊರೆ ಊರು ಬಿಟ್ಟ ಮೇಲೆ ಮಡಿಕೇರಿಯ ಕೋವಿ ಅಂಗಡಿಯಲ್ಲಿ ಗಾಜಿನ ಹಿಂದೆ ವರ್ಷಗಟ್ಟಲೆ ನಿಂತಿದ್ದೆ. ನನ್ನನ್ನು ಕೊಂಡವರು ನಾಣಯ್ಯ. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದವರು.

"ಅಂಗಡಿಯಲ್ಲಿ ಹೊಸದು ಇರ್ಲಿಲ್ವಾ?" ಎಂದರು ಹೆಂಡತಿ ಚೋಂದವ್ವ. ಆಗ ಅವರು ತುಂಬು ಗರ್ಭಿಣಿ.

"ಚೆನ್ನಾಗಿ ನೋಡ್ಕೊಂಡ್ರೆ ಇದು ನಮಗಿಂತ ಹೆಚ್ಚು ಬಾಳ್ತದೆ," ಎಂದರು ನಾಣಯ್ಯ.

ನೋಡಿಕೊಂಡರು, ನಿಜ. ಆದರೆ ಲಾರಿಯನ್ನು ನೋಡಿಕೊಂಡ ಹಾಗೆ. ಎಲ್ಲೆಲ್ಲಿ ಲೋಹ ಲೋಹಕ್ಕೆ ತಾಗುತ್ತದೋ ಅಲ್ಲೆಲ್ಲ ಎಣ್ಣೆ ಸುರಿದರು. ನನ್ನ ನಳಿಗೆಯ ಕೆಳಗೆ ಒಂದು ಕೊಳವೆಯಿದೆ; ಅದರ ಮೇಲೆ ಸ್ಪ್ರಿಂಗು, ಜೊತೆಗೊಂದು ಹಿತ್ತಾಳೆಯ ಉಂಗುರ. ಈಡು ಹಾರಿದಾಗ ನಳಿಗೆ ರಭಸದಿಂದ ಹಿಂದಕ್ಕೆ ಜಾರುತ್ತದೆ. ಆಗ ಕೊಳವೆಯನ್ನು ಬಿಗಿಹಿಡಿದು ಅದನ್ನು ತಡೆಯುವುದು ಆ ಉಂಗುರ. ಅಲ್ಲಿ ಎಣ್ಣೆ ಹರಿದರೆ ಹಿಡಿತವೆಲ್ಲಿ? ಬಾಯಿದ್ದಿದ್ದರೆ ಹೇಳುತ್ತಿದ್ದೆ. ಅತಿಯಾದರೆ ಅಮೃತವೂ ವಿಷ.

ಅಷ್ಟರಲ್ಲಿ ನಾಣಯ್ಯನವರ ತಂದೆ ತೀರಿಕೊಂಡರು. ನಮ್ಮ ಕಡೆ ಒಂದು ಪದ್ಧತಿಯಿದೆ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು. ಸಾವಾದರೆ ಬೆನ್ನುಬೆನ್ನಿಗೆ ಎರಡು. ಸದ್ದು ಕೇಳಿದವರು ಅದಕ್ಕೆ ತಕ್ಕಂತೆ, ಸಾವಿಗಾದರೆ ಬಿಳಿ ಉಟ್ಟು, ಹೊರಟು ಬರುತ್ತಾರೆ. ನಾಣಯ್ಯ ಕಣ್ಣೊರೆಸಿಕೊಂಡು ನನ್ನನ್ನು ಅಂಗಳಕ್ಕೆ ತಂದರು. ಮೊದಲ ಈಡು ಹಾರಿತು. ಎಣ್ಣೆಯಲ್ಲಿ ಉಂಗುರ ಜಾರಿತು, ನಳಿಗೆ ಹಿಂದಕ್ಕೆ ಬಂದು ಬಡಿಯಿತು, ಭುಜಕ್ಕೆ ಒರಗುವ ಮರ ಸೀಳಿತು. ಎರಡನೆಯ ತೋಟೆ ಓರೆಯಾಗಿ ಒಳಗೇ ಸಿಕ್ಕಿಕೊಂಡಿತು. ನಾಣಯ್ಯ ಎಳೆದರು, ಕುಲುಕಿದರು. ಅದು ಹಾರಲೇ ಇಲ್ಲ.

ಊರಿಗೆ ಕೇಳಿಸಿದ್ದು ಒಂದೇ. ಪಕ್ಕದ ಮನೆಯ ಉತ್ತಯ್ಯ ನಗುನಗುತ್ತಾ ಗದ್ದೆ ದಾಟಿ ಬಂದರು. "ಗಂಡಾ ನಾಣಯ್ಯ? ಅಜ್ಜನಿಗೆ ತೋರಿಸಿದ್ಯಾ?" ಎಂದರು. ಆಮೇಲೆ ಒಳಗೆ ಮಲಗಿಸಿದ್ದ ಅಜ್ಜನನ್ನು ಕಂಡರು. ಉತ್ತಯ್ಯನವರ ಮುಖ ಬಿಳುಚಿಕೊಂಡಿತು. ನಾಣಯ್ಯ ನನ್ನನ್ನು ಗೋಡೆಗೆ ಒರಗಿಸಿ ಮಗುವಿನಂತೆ ಅತ್ತರು. "ನನ್ನಪ್ಪನನ್ನ ಅರ್ಧ ಮರ್ಯಾದೆಯಲ್ಲಿ ಕಳಿಸಿದೆ," ಎಂದರು. ಆ ಮಾತು ನನಗೂ ತಾಗಿತು.

ಹದಿನೈದು ದಿನಕ್ಕೆ ಮಗು ಹುಟ್ಟಿತು. ಹೆಣ್ಣು. ಹೆಣ್ಣೆಂದು ಯಾರೂ ಈಡು ಹಾರಿಸಲಿಲ್ಲ. ಪೊನ್ನವ್ವ ಎಂದು ಹೆಸರಿಟ್ಟರು.

ನಾಣಯ್ಯ ನನ್ನನ್ನು ಅಂಗಡಿಗೆ ಒಯ್ದು, ಎಣ್ಣೆ ಸುರಿದದ್ದಕ್ಕೆ ಬೈಸಿಕೊಂಡು, ಹೊಸ ಮರ ಹಾಕಿಸಿಕೊಂಡು ಬಂದರು. ಅಂದಿನಿಂದ ಕೊಳವೆಗೆ ಒಣಬಟ್ಟೆ ಮಾತ್ರ. ಮಗಳು ದೊಡ್ಡವಳಾದಂತೆ ಅವಳಿಗೂ ಅದನ್ನೇ ಕಲಿಸಿದರು. ಪ್ರತಿ ವರ್ಷ ಕೈಲ್‌ಪೋದ್ ಹಬ್ಬಕ್ಕೆ ನನ್ನನ್ನು ಬಿಚ್ಚಿ, ಒರೆಸಿ, ಪೂಜೆಗಿಟ್ಟು, ನಳಿಗೆಗೆ ಹೂ ಸಿಕ್ಕಿಸುತ್ತಿದ್ದರು. ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವಾಗ ಪೊನ್ನವ್ವ ಅಪ್ಪನನ್ನೇ ಮೀರಿಸುತ್ತಿದ್ದಳು.

"ನಾನು ಹುಟ್ಟಿದಾಗ ಒಂದು ಈಡೂ ಇಲ್ಲ ಅಲ್ವಾ ಅಪ್ಪ?" ಎಂದು ಅವಳು ಕೆಣಕುತ್ತಿದ್ದಳು.

"ಯಾಕಿಲ್ಲ? ಅಜ್ಜ ತನ್ನ ಪಾಲಿಂದ ಒಂದು ನಿನಗೆ ಕೊಟ್ಟು ಹೋದರಲ್ಲ," ಎಂದು ನಾಣಯ್ಯ ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ, "ನನಗೆ ಮಾತ್ರ ಎರಡೂ ಆಗ್ಬೇಕು ಮಗಳೇ. ನೀನೇ ಹೊಡಿಬೇಕು," ಎನ್ನುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಪೊನ್ನವ್ವ ಬಿಳಿ ಸೀರೆ ಉಟ್ಟು ನನ್ನನ್ನು ಗೋಡೆಯಿಂದ ಇಳಿಸಿದಳು. ಕೊಳವೆಯನ್ನು ಮೂರು ಸಲ ಒರೆಸಿದಳು. ತೋಟೆ ಎರಡನ್ನೂ ಒರೆಸಿ ತುಂಬಿದಳು. ನನಗೆ ಭಯವಿತ್ತು, ವಯಸ್ಸಾಗಿದೆಯಲ್ಲ. ಮೊದಲ ಈಡು ಹಾರಿತು. ಉಂಗುರ ಬಿಗಿಹಿಡಿಯಿತು, ತೋಟೆ ಒಳಗೆ ಬಂದು ನೆಟ್ಟಗೆ ಕೂತಿತು. ಎರಡನೆಯದೂ ಹಾರಿತು.

ನೆರೆಯವರು ಒಬ್ಬೊಬ್ಬರೇ ಬಿಳಿ ಬಟ್ಟೆಯಲ್ಲಿ ಬಂದರು. ಕೊನೆಗೆ ಉತ್ತಯ್ಯ ಬಂದರು, ಕೋಲೂರಿಕೊಂಡು, ಅವರೂ ಬಿಳಿ ಉಟ್ಟು. ನಾಣಯ್ಯನವರ ಪಾದ ಮುಟ್ಟಿ, ಕಿವಿಯ ಬಳಿ ಬಗ್ಗಿ ಹೇಳಿದರು:

"ಈ ಸಲ ಎರಡೂ ಕೇಳಿಸ್ತು ನಾಣಯ್ಯ."

ಈಗ ನಾನು ಮತ್ತೆ ಗೋಡೆಯ ಮೇಲಿದ್ದೇನೆ. ಈ ಜನ್ಮದಲ್ಲಿ ಎಷ್ಟೋ ಈಡು ಹಾರಿಸಿದ್ದೇನೆ, ಅವೊಂದೂ ನೆನಪಿಲ್ಲ. ನೆನಪಿರುವುದು ಎರಡು: ಅಂದು ಹಾರದೆ ಹೋದದ್ದು, ಕಳೆದ ಬೇಸಿಗೆಯಲ್ಲಿ ಹಾರಿದ್ದು.