ಆರು ಬೋನುಗಳ ಮುಚ್ಚಳ

ಉಗ್ರಾಣದಿಂದ ತಂದ ಹಳೆಯ ಬೋನಿನ ಮುಚ್ಚಳಗಳನ್ನು ತೊಟ್ಟಿಯ ಬಳಿ ಒಟ್ಟಿಕೊಂಡು ಇಲಿಯಮ್ಮ ಒಂದೊಂದನ್ನೇ ಉಜ್ಜುತ್ತಿದ್ದಳು. ಪ್ರಯೋಗಾಲಯದ ಇಲಿಗಳ ಚಾಕರಿಯಲ್ಲೇ ತಲೆ ನರೆತವಳು. ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಏಳನೆಯ ಮುಚ್ಚಳ ಕೈಗೆ ಬಂದಾಗ ಬ್ರಷ್ಷು ನಿಂತಿತು. ಕಂಬಿಗಳಿಗೆಲ್ಲ ತುಕ್ಕು, ಅಲ್ಲಲ್ಲಿ, ಇಲಿಯ ನಾಲಗೆಗೆ ಎಟುಕುವ ಕಡೆ ಮಾತ್ರ, ಹೊಳಪು. ಕಟ್ಟಿದ್ದ ಚೀಟಿಯಲ್ಲಿ ಅವಳದೇ ಸೊಟ್ಟ ಅಕ್ಷರ: ಹತ್ತೊಂಬತ್ತು.

ಬ್ರಷ್ಷು ಕೆಳಗಿಟ್ಟು ಚೀಟಿಯನ್ನು ಇನ್ನೊಮ್ಮೆ ಓದಿದಳು.

ರಕ್ತಹೀನತೆ ಬಂದರೆ ರಕ್ತದಲ್ಲಿನ ಕೊಬ್ಬು ಏನಾಗುತ್ತದೆಂದು ನೋಡಲು ಡಾಕ್ಟರಮ್ಮ ಇಪ್ಪತ್ತನಾಲ್ಕು ಇಲಿಗಳಿಗೆ ಕಬ್ಬಿಣದ ಅಂಶವಿಲ್ಲದ ತಿನಿಸು ಹಾಕಿಸಿದ್ದರು. ಮೊದಲ ಹದಿನೆಂಟು ಇಲಿಗಳ ಕಿವಿ ಬಿಳಿಚಿದವು. ಅವುಗಳ ರಕ್ತದ ತಿಳಿಯಲ್ಲಿ ಕೊಬ್ಬು ಏರಿ, ಹಾಲು ಬೆರೆಸಿದ ನೀರಿನಂತಾಯಿತು. ಕೊನೆಯ ಆರು ಮಾತ್ರ ಮಾವನ ಮನೆಗೆ ಬಂದ ಅಳಿಯಂದಿರಂತೆ ಕೆಂಪಗೆ, ಗುಂಡಗೆ ಇದ್ದವು. ಅವುಗಳ ದೆಸೆಯಿಂದ ವಿಜ್ಞಾನ ಪತ್ರಿಕೆಗೆ ಹೋಗಬೇಕಾದ ಬರಹ, ಅದರ ಜೊತೆಗಿನ ಪತ್ರ, ಎಂಟು ತಿಂಗಳಿಂದ ಮೇಜಿನ ಡ್ರಾಯರಿನಲ್ಲೇ ಬಿದ್ದಿದ್ದವು. "ಸಾಕಾಯ್ತು, ಇದನ್ನ ಇವತ್ತೇ ಕೈಬಿಡ್ತೀನಿ" ಎಂದು ಡಾಕ್ಟರಮ್ಮ ಬೆಳಿಗ್ಗೆಯಷ್ಟೇ ಅಂದಿದ್ದರು.

ಸ್ಟೀಲಿನ ಮುಚ್ಚಳ ಸಾಲದೆ ಆ ಆರಕ್ಕೆ ಹಳೆಯ ಕಬ್ಬಿಣದ್ದನ್ನು ಹಾಕಿದವಳು ಇಲಿಯಮ್ಮನೇ. ಮುಚ್ಚಳವನ್ನು ಯಾರು ತಿನ್ನುತ್ತಾರೆ ಅಂದುಕೊಂಡಿದ್ದಳು.

ಒದ್ದೆ ಕೈಯಲ್ಲೇ ಮುಚ್ಚಳ ಹಿಡಿದು ಹೋಗಿ ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ನಿಂತಳು.

"ಡಾಕ್ಟರಮ್ಮ, ಬೈಯೋದಾದ್ರೆ ಆಮೇಲೆ ಬೈಯಿರಿ. ಮೊದ್ಲು ಇದನ್ನ ನೋಡಿ."

ಡಾಕ್ಟರಮ್ಮ ಚೀಟಿ ಓದಿದರು. ಹೊಳೆಯುವ ಕಂಬಿಯ ಮೇಲೆ ಬೆರಳಾಡಿಸಿದರು. "ನೆಕ್ಕಿವೆ!"

"ಹೂಂ. ನಾವು ಬಾಗಿಲು ಕಾಯ್ತಾ ಕೂತ್ವಿ, ಅವು ಸೂರಿನಿಂದ ಉಂಡ್ವು."

"ಎಂಟು ತಿಂಗಳು, ಇಲಿಯಮ್ಮ! ನನ್ನ ಯೋಚನೆಯೇ ತಪ್ಪು ಅಂತ ತಲೆ ಕೆಡಿಸ್ಕೊಂಡಿದ್ದೆ."

"ತಪ್ಪು ನಂದು. ಹಾಗೇ ಬರೀರಿ."

"ಬರೆದ್ರೆ ಮೇಲಿನವರು ನಿಮ್ಮನ್ನ ಸುಮ್ನೆ ಬಿಡಲ್ಲ."

"ಅದನ್ನ ನಾನು ನೋಡ್ಕೋತೀನಿ. ಇಲಿಗಳೇ ಸುಳ್ಳು ಹೇಳ್ಲಿಲ್ಲ, ನಾನ್ಯಾಕೆ ಹೇಳ್ಲಿ?"

ಡಾಕ್ಟರಮ್ಮ ಮುಚ್ಚಳವನ್ನು ಮೇಜಿನ ಮೇಲಿಟ್ಟರು. ಆಮೇಲೆ ಡ್ರಾಯರು ಎಳೆದು, ಬರಹಕ್ಕೆ ಆರು ಇಲಿಗಳ ಕಥೆಯನ್ನು ಮುಚ್ಚುಮರೆಯಿಲ್ಲದೆ ಸೇರಿಸಿದರು: ತುಕ್ಕು ನೆಕ್ಕಿದವುಗಳಿಗೆ ರಕ್ತವೂ ಇಳಿಯಲಿಲ್ಲ, ಕೊಬ್ಬೂ ಏರಲಿಲ್ಲ. ಪತ್ರದ ತಾರೀಖು ಹೊಡೆದು ಹಾಕಿ ಹೊಸದು ಬರೆದರು. ಕೊನೆಗೆ ಪೆನ್ನು ಎತ್ತಿ ಹಿಡಿದು ಕೇಳಿದರು:

"ಇದನ್ನ ಕಂಡು ಹೇಳಿದವರು ಅಂತ ಹಾಕ್ಬೇಕು. ನಿಮ್ಮ ನಿಜವಾದ ಹೆಸರೇನು?"

ಇಲಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ತಾನೇ ಬರೆದುಕೊಟ್ಟಳು. ಲಕೋಟೆಯನ್ನೂ ತಾನೇ ಒಯ್ದು, ಸಂಜೆಯ ಟಪಾಲು ಹೊರಡುವ ಮೊದಲು ಅಂಚೆ ಡಬ್ಬಿಗೆ ಹಾಕಿದಳು.