ಎರಡು ಮದ್ದಿನ ಪಥ್ಯ

ಹನುಮಂತಮ್ಮನಿಗೆ ಕಾಯಿಲೆಗಿಂತ ಔಷಧ ನಿಂತುಹೋದೀತೆಂಬ ಭಯವೇ ದೊಡ್ಡದು. ಎದೆಯ ಗಂಟು ಶ್ವಾಸಕೋಶಕ್ಕೂ ಹಬ್ಬಿತ್ತು. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರ್ ಇಸ್ಮತ್, ಒಂದು ಇಂಜೆಕ್ಷನ್ನು, ಒಂದು ಮಾತ್ರೆ, ಎರಡನ್ನೂ ಜೊತೆಗೆ ಕೊಟ್ಟು ಪ್ರಯೋಗ ಮಾಡುತ್ತಿದ್ದೇವೆ, ಒಪ್ಪಿಗೆಯಿದ್ದರೆ ಸೇರಿಕೊಳ್ಳಿ ಎಂದಾಗ, ಬಿಡದಿ ಕಡೆಯ ಈ ಹೆಂಗಸು ಗಂಡ ಗಂಗಯ್ಯನ ಮುಖವನ್ನೂ ನೋಡದೆ ಹೂಂ ಅಂದಿದ್ದಳು.

ಔಷಧ ಅಂದಮೇಲೆ ಪಥ್ಯ ಬೇಡವೇ? ಡಾಕ್ಟರು ಹೇಳಲಿಲ್ಲ, ಇವಳು ಕೇಳಲಿಲ್ಲ. ನಾಟಿ ಮದ್ದು ಕುಡಿದು ಬೆಳೆದವಳಿಗೆ ಕೇಳುವುದೇನಿದೆ! ಇಂಜೆಕ್ಷನ್ನಿಗೆಂದು ಬಾಡು, ಬದನೆಕಾಯಿ, ಹುಳಿ ಬಿಟ್ಟಳು. ಮಾತ್ರೆಗೆಂದು ಎಣ್ಣೆ, ಕಾಳು, ಮುದ್ದೆ ಬಿಟ್ಟಳು. ಉಳಿದದ್ದು ಅನ್ನ, ಮೆಣಸಿನ ನೀರುಸಾರು, ಒಂದಿಷ್ಟು ಮಜ್ಜಿಗೆ.

"ಗಂಟು ಕರಗ್ತಿದೆ, ಆದ್ರೆ ನೀವೂ ಕರಗ್ತಿದ್ದೀರಲ್ಲಮ್ಮ" ಎಂದರು ಇಸ್ಮತ್. "ನಿಮ್ಮ ದೇಹ ಔಷಧ ತಡೀತಿಲ್ಲ ಅನ್ಸುತ್ತೆ. ತೂಕ ಹೀಗೇ ಇಳಿದ್ರೆ ನಿಲ್ಲಿಸ್ಬೇಕಾಗುತ್ತೆ."

ಹನುಮಂತಮ್ಮ, ಪಥ್ಯ ಎಲ್ಲೋ ಕೆಟ್ಟಿದೆ ಎಂದುಕೊಂಡು ಮಜ್ಜಿಗೆಯನ್ನೂ ಬಿಟ್ಟಳು. ಇಂಥ ಬುದ್ಧಿಗೆ ಏನನ್ನೋಣ!

ಮುಂದಿನ ಸಲ ತೂಕದ ಮುಳ್ಳು ಇನ್ನೂ ಕೆಳಗೆ. ಔಷಧ ನಿಲ್ಲಿಸಿ ಎಂದು ಬರೆಯಲು ಇಸ್ಮತ್ ಪೆನ್ನು ಎತ್ತಿದರು. ಹನುಮಂತಮ್ಮ ಆ ಕೈಯನ್ನು ಹಿಡಿದುಕೊಂಡೇಬಿಟ್ಟಳು.

"ನಿಲ್ಲಿಸ್ಬ್ಯಾಡಿ ಕಣ್ರವ್ವಾ. ಪಥ್ಯ ಇನ್ನೂ ಗಟ್ಟಿಯಾಗಿ ಮಾಡ್ತೀನಿ. ಅನ್ನಾನೂ ಒಂದೊತ್ತಿಗೆ ಇಳಿಸ್ಬುಡ್ತೀನಿ."

"ಯಾವ ಪಥ್ಯ?"

ಎಲ್ಲ ಹೇಳಿದಳು. ಇಸ್ಮತ್ ನಕ್ಕರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಏನು ಊಟ ಮಾಡ್ತೀರಿ ಅಂತ ನಾನು ಕೇಳ್ಬೇಕಿತ್ತಮ್ಮ. ಔಷಧ ನಿಲ್ಸಲ್ಲ. ಇವತ್ತಿಂದ ಮುದ್ದೆ, ಮೊಟ್ಟೆ, ಬಾಡು ಎಲ್ಲಾ ತಿನ್ನಿ."

ಗಂಡ ಹೆಂಡತಿ ಬಿಡದಿಯಲ್ಲಿ ರೈಲಿಳಿದಾಗ ಕಾರ್ಖಾನೆಯ ಶಿಫ್ಟು ಬಿಟ್ಟು, ತಟ್ಟೆ ಇಡ್ಲಿ ಹೋಟೆಲು ಗಿಜಿಗುಡುತ್ತಿತ್ತು. ಗಂಗಯ್ಯ ಅವಳ ಮುಂದೆ ಒಂದು ತಟ್ಟೆ ಇಟ್ಟು, ತನ್ನದನ್ನು ಗಬಗಬ ತಿನ್ನತೊಡಗಿದ.

"ಅದೇನ್ರೀ, ಉಪಾಸ ಇದ್ದೋರಂಗೆ?"

"ಇನ್ನೇನ್ಮತ್ತೆ? ನೀನು ನೀರ್ಸಾರು ಉಣ್ಣೋವಾಗ ನಂಗೆ ಗಂಟ್ಲಲ್ಲಿ ಇಳೀತದಾ? ನೀನು ಮಾಡಿಕ್ಕಿದ್ ಮುದ್ದೆನೆಲ್ಲ ಎಮ್ಮೆ ತಿಂತು ಕಣೇ. ನಾನೂ ನಿನ್ ಪಥ್ಯಾನೇ ಮಾಡ್ದೆ."

ಹನುಮಂತಮ್ಮನಿಗೆ ಅಳುವೂ ಬಂತು, ನಗುವೂ ಬಂತು. ತನ್ನ ಇಡ್ಲಿಯ ಮೇಲಿನ ಬೆಣ್ಣೆಯನ್ನೆಲ್ಲ ಬಳಿದು ಅವನ ತಟ್ಟೆಗೆ ಹಾಕಿ, ಇನ್ನೆರಡು ಇಡ್ಲಿ ತರಲು ಕೂಗಿ ಹೇಳಿದಳು.