ಪುಟ್ಟಿಯಲ್ಲಿ ಉಳಿದ ಹೆಬ್ಬೆರಳು

ನಾನು ಬಿಟ್ಟುಹೋದಾಗಲೆಲ್ಲ ಈ ನಗರ ಎದೆ ಬಡಿದುಕೊಂಡು ರೈಲಿನ ಹಿಂದೆ ಓಡಿಬಂದಿದೆ. ಒಮ್ಮೆಯಂತೂ ಎರಡು ಬೀದಿಗಳು ಏದುಸಿರು ಬಿಡುತ್ತ ಮುಂದಿನ ನಿಲ್ದಾಣದವರೆಗೂ ಬಂದಿದ್ದವು. ಬಾರದೇನು ಮಾಡೀತು? ಇಲ್ಲಿನ ಕಿಟಕಿಗಳಿಗೆಲ್ಲ ಗಾಜು ಕೂರಿಸಿದವನು ನಾನೇ. ಆದರೂ ನನ್ನ ಹೆಂಡತಿಯನ್ನು ನುಂಗಿದ ಈ ಹಾಳೂರಿಗೆ ಇನ್ನು ಕಾಲಿಡೆನೆಂದು ಪ್ರತಿಸಲ ಆಣೆಯಿಟ್ಟೇ ಹೊರಡುತ್ತೇನೆ. ಇಲ್ಲಿ ಯಾವ ಗಾಜು ನೋಡಿದರೂ ನನ್ನ ಹೆಗಲ ಹಿಂದೆ ಅವಳು ನಿಂತಿರುತ್ತಾಳೆ.

ಈ ಸಲ ಬಂದವನೇ ನಾವಿದ್ದ ಬಾಡಿಗೆ ಕೋಣೆಗೆ ಹೋದೆ. ಈಗ ಅಲ್ಲಿ ನಾದಿನಿ ಇದ್ದಾಳೆ. ಅವಳು ನೀರು ತರುವಷ್ಟರಲ್ಲಿ ನಾನು ಕಿಟಕಿಯ ಮೂಲೆಗೆ ಹೆಬ್ಬೆರಳು ಒತ್ತಿ ನಿಂತಿದ್ದೆ.

“ಏನ್ ಭಾವ, ಊರು ಮತ್ತೆ ಕರೀತಾ?”

“ಗೋಗರೀತು ಕಣಮ್ಮ!”

“ಬುರುಡೆ ಸಾಕು. ನಾಳೆ ಓನರ್ ಈ ಕಿಟಕಿ ಕಿತ್ತುಹಾಕ್ತಾರೆ ಅಂತ ಫೋನ್ ಮಾಡಿದ್ದು ನಾನು. ಅದೇನು ಮುಟ್ಟಿ ಮುಟ್ಟಿ ನೋಡ್ತಿದ್ದೀರಿ?”

ನಾನು ಹೆಬ್ಬೆರಳು ತೆಗೆದು ಅದರಡಿಯ ಪುಟ್ಟ ಗುಳಿ ತೋರಿಸಿದೆ.

“ನಿಮ್ಮಕ್ಕನ ಬೆರಳಿನ ಗುರುತು,” ಎಂದೆ. “ನಾನು ಗಾಜು ಹೊರೋನು ಅಷ್ಟೇ. ಕೂರಿಸಿದ್ದು ಇದೊಂದೇ. ಗಾಜು ಅಂಟಿಸೋಕೆ ಅಂಚಿಗೆ ಮೆತ್ತಿದ ಪುಟ್ಟಿ ಇನ್ನೂ ಹಸಿ ಇದ್ದಾಗ ಅವಳೂ ಇಲ್ಲಿ ಒತ್ತಿದ್ಲು. ಇದನ್ನ ಮುಟ್ಟೋಕೇ ನಾನು ಬರ್ತಿದ್ದಿದ್ದು. ಇದು ಹೋದ್ರೆ ಈ ಊರಿನ ಪೀಡೆ ತೊಲಗ್ತು ಅಂತ ಖುಷಿಯಾಗ್ಬೇಕಿತ್ತು. ಭಯ ಆಗ್ತಿದೆ ಕಣಮ್ಮ.”